ಒತ್ತಡದ ಅಂಕಿ ಬೇರೆ, ಸೋರಿಕೆ ಬೇರೆ

ಹೃದಯದ ಕವಾಟ ಅಂದ ಕೂಡಲೇ ಎಲ್ಲರ ಗಮನ ಎಡಭಾಗಕ್ಕೆ ಹೋಗುತ್ತದೆ. ಬಲಭಾಗದ ಟ್ರೈಕಸ್ಪಿಡ್ ಕವಾಟ ವರ್ಷಗಟ್ಟಲೆ ಸೋರುತ್ತಿದ್ದರೂ ಎಷ್ಟೋ ಜನರಿಗೆ ಗೊತ್ತೇ ಆಗುವುದಿಲ್ಲ. ಕಾಲು ಬಾತು, ಹೊಟ್ಟೆ ಉಬ್ಬಿ, ಊಟ ಸೇರದೆ ಮಡಿಕೇರಿಗೆ ಬರುವ ಹೊತ್ತಿಗೆ ಕೆಲವರು ಗ್ಯಾಸ್ಟ್ರಿಕ್‌ಗೆ, ಲಿವರ್‌ಗೆ ಅಂತ ಮಾತ್ರೆ ನುಂಗಿ ಸಾಕಾಗಿರುತ್ತಾರೆ.

ಸುಂಟಿಕೊಪ್ಪ ಕಡೆಯ ತೋಟದ ಲೈನ್ ಮನೆಯಿಂದ ತಾಯಿಯನ್ನು ಕರೆತಂದ ಹುಡುಗ ಹಳೇ ಎಕೋ (ಹೃದಯದ ಸ್ಕ್ಯಾನ್) ರಿಪೋರ್ಟ್ ತೋರಿಸಿ, “ಡಾಕ್ಟ್ರೇ, ಇಲ್ಲಿ 61 ಅಂತಿದೆಯಲ್ಲ, ಅಮ್ಮನಿಗೆ ಅಷ್ಟೊಂದು ಲೀಕ್ ಇದೆಯಾ?” ಎಂದು ಕೇಳಿದ. ಆ 61 ಸೋರಿಕೆಯ ಪ್ರಮಾಣವಲ್ಲ, ಬಲ ಹೃತ್ಕುಕ್ಷಿಯ, ಅಂದರೆ ಹೃದಯದ ಬಲಗಡೆಯ ಕೆಳಕೋಣೆಯ ಒತ್ತಡ (ಮಿ.ಮೀ. ಪಾದರಸದಲ್ಲಿ). ಸೋರುವ ರಕ್ತದ ವೇಗವನ್ನು ಎಕೋದ ಡಾಪ್ಲರ್ ವಿಧಾನದಲ್ಲಿ ಅಳೆದು, ಅದರ ವರ್ಗವನ್ನು 4ರಿಂದ ಗುಣಿಸುತ್ತೇವೆ. ವೇಗ ಸೆಕೆಂಡಿಗೆ 3.4 ಮೀಟರ್ ಇದ್ದರೆ 46 ಬರುತ್ತದೆ. ಅದಕ್ಕೆ ಬಲ ಹೃತ್ಕರ್ಣದ, ಅಂದರೆ ಬಲಗಡೆಯ ಮೇಲ್ಕೋಣೆಯ ಒತ್ತಡ ಸೇರಿಸಬೇಕು.

ಅದನ್ನು ತಿಳಿಯಲು ಸ್ಕ್ಯಾನ್ ಮಾಡುವ ಪ್ರೋಬನ್ನು ಎದೆಗೂಡಿನ ಕೆಳಗೆ, ಹೊಟ್ಟೆಯ ಮೇಲ್ಭಾಗದಲ್ಲಿ ಒತ್ತಿ, ಹೃದಯಕ್ಕೆ ರಕ್ತ ಮರಳಿಸುವ ದೊಡ್ಡ ರಕ್ತನಾಳವನ್ನು ನೋಡುತ್ತೇನೆ. “ಅಮ್ಮ, ಮೂಗಲ್ಲಿ ಒಮ್ಮೆ ಜೋರಾಗಿ ಉಸಿರು ಎಳ್ಕೊಳ್ಳಿ” ಎಂದೆ. ನಾಳ ಅರ್ಧದಷ್ಟಾದರೂ ಕುಗ್ಗಬೇಕಿತ್ತು, ಅಲುಗಲಿಲ್ಲ. ಅಗಲ 21 ಮಿ.ಮೀ. ದಾಟಿತ್ತು. ಹಾಗಾದಾಗ 15 ಸೇರಿಸುತ್ತೇವೆ, 61 ಆಗುತ್ತದೆ.

ಸೋರಿಕೆಯ ಲೆಕ್ಕವೇ ಬೇರೆ. ಕವಾಟದಿಂದ ಹಿಂದಕ್ಕೆ ಚಿಮ್ಮುವ ಧಾರೆಯ ಅತಿ ಕಿರಿದಾದ ಜಾಗ 7 ಮಿ.ಮೀ. ಅಥವಾ ಹೆಚ್ಚಿದ್ದರೆ ಸೋರಿಕೆ ತೀವ್ರ. ಲಿವರ್‌ನ ರಕ್ತನಾಳದಲ್ಲಿ ಪ್ರತಿ ಬಡಿತಕ್ಕೂ ರಕ್ತ ಹಿಂದಕ್ಕೆ ನುಗ್ಗುತ್ತಿದ್ದರೆ ಅನುಮಾನ ಉಳಿಯುವುದಿಲ್ಲ. ಈ ತಾಯಿಯಲ್ಲಿ ಎರಡೂ ಕಂಡವು. ಲಿವರ್ ನಾಳ ನೋಡದೆ ಬರೆದ ರಿಪೋರ್ಟನ್ನು ನಾನು ಪೂರ್ತಿ ನಂಬುವುದಿಲ್ಲ.

ಒತ್ತಡದ ಅಂಕಿ ಕಡಿಮೆ ಇದೆ ಅಂತ ಸಮಾಧಾನಪಟ್ಟುಕೊಳ್ಳುವುದು ಇನ್ನೂ ಅಪಾಯ. ಕವಾಟ ಮುಚ್ಚಿಕೊಳ್ಳದಷ್ಟು ಹಿಗ್ಗಿದಾಗ ಎರಡು ಕೋಣೆಗಳ ಒತ್ತಡ ಹತ್ತಿರ ಹತ್ತಿರ ಬಂದು ವೇಗವೇ ಇಳಿದುಬಿಡುತ್ತದೆ. ಆಗ ಈ ಸೂತ್ರದ ಮೇಲೆ ಭರವಸೆ ಇಡಬಾರದು. ಬಲ ಹೃತ್ಕುಕ್ಷಿಯ ಕಸುವನ್ನೂ ನೋಡಬೇಕು. ರಿಪೋರ್ಟಿನಲ್ಲಿ ಟ್ಯಾಪ್ಸಿ ಎನ್ನುವ ಅಳತೆ (ಪ್ರತಿ ಬಡಿತಕ್ಕೆ ಕವಾಟದ ಅಂಚು ಎಷ್ಟು ಸರಿಯುತ್ತದೆ ಎಂಬುದು) 17 ಮಿ.ಮೀ.ಗಿಂತ ಕಡಿಮೆಯಾದರೆ ಅದು ಸೋಲುತ್ತಿದೆ ಎಂದರ್ಥ.

ಹೆಚ್ಚಿನವರಲ್ಲಿ ಕವಾಟದ ಹಾಳೆಗಳು ಚೆನ್ನಾಗಿಯೇ ಇರುತ್ತವೆ, ಅವು ಅಂಟಿಕೊಂಡಿರುವ ಬಳೆ ಹಿಗ್ಗಿರುತ್ತದೆ. ಬಾಲ್ಯದ ರುಮ್ಯಾಟಿಕ್ ಜ್ವರದಿಂದ ಕಿರಿದಾದ ಎಡಭಾಗದ ಮೈಟ್ರಲ್ ಕವಾಟ, ವರ್ಷಗಳ ಸೌದೆ ಒಲೆಯ ಹೊಗೆಗೆ ಹಾಳಾದ ಶ್ವಾಸಕೋಶ, ಏಟ್ರಿಯಲ್ ಫಿಬ್ರಿಲೇಷನ್ ಎಂಬ ಬಡಿತದ ಏರುಪೇರು, ಕೆಲವೊಮ್ಮೆ ಪೇಸ್‌ಮೇಕರ್ ತಂತಿ ಕಾರಣ. ಮೈಟ್ರಲ್ ಆಪರೇಷನ್‌ಗೆ ಹೋಗುವವರಲ್ಲಿ ಈ ಬಳೆ 40 ಮಿ.ಮೀ. ಮುಟ್ಟಿದ್ದರೆ, ಅದೇ ಆಪರೇಷನ್‌ನಲ್ಲಿ ಇದನ್ನೂ ಸರಿಪಡಿಸುವ ಬಗ್ಗೆ ಸರ್ಜನ್ ಹತ್ತಿರ ಕೇಳಲೇಬೇಕು. ಬರೀ ಇದಕ್ಕಾಗಿ ಮತ್ತೆ ಎದೆ ತೆರೆಯುವುದು ತುಂಬಾ ಕಷ್ಟದ ಕೆಲಸ.

ಬಲಭಾಗದ ಇನ್ನೊಂದು ಕವಾಟವಾದ ಪಲ್ಮನರಿಯ ತೊಂದರೆ ಹೆಚ್ಚಾಗಿ ಅದು ಹುಟ್ಟಿನಿಂದಲೇ ಕಿರಿದಾಗಿರುವುದು. ಅದನ್ನು ಎಷ್ಟೋ ಸಲ ಬಲೂನ್‌ನಿಂದಲೇ ಬಿಡಿಸಬಹುದು.

ಮೈಯಲ್ಲಿ ನೀರು ತುಂಬಿದ್ದಾಗ ಸೋರಿಕೆ ಹೆಚ್ಚಾಗಿ ಕಾಣುತ್ತದೆ. ಹಾಗಾಗಿ ಆ ತಾಯಿಗೆ ನೀರಿಳಿಸುವ ಮಾತ್ರೆ ಕೊಟ್ಟು, ದಿನಾ ಬೆಳಿಗ್ಗೆ ತೂಕ ಬರೆದಿಡಲು ಮಗನಿಗೆ ಹೇಳಿದ್ದೇನೆ. ಬಾವು ಇಳಿದ ಮೇಲೆ ಇನ್ನೊಂದು ಎಕೋ ಮಾಡಿ, ಎರಡೂ ರಿಪೋರ್ಟ್ ಜೊತೆಗಿಟ್ಟು ಮೈಸೂರಿಗೆ ಕಳಿಸುತ್ತೇನೆ.