ಸ್ಪೀಕರ್ ಕೇಬಲ್: ಬೆಲೆ ಕೇಳುವ ಮೊದಲು ಓಮ್ ಕೇಳಿ

ದುಬಾರಿ ಸ್ಪೀಕರ್ ಕೇಬಲ್ ಮಾರುವವರು ಮೊದಲು ಎತ್ತುವ ಮಾತು ಸ್ಕಿನ್ ಎಫೆಕ್ಟ್. ಅದು ಇರುವುದು ನಿಜ: ಫ್ರೀಕ್ವೆನ್ಸಿ ಏರಿದಂತೆ ಕರೆಂಟು ತಂತಿಯ ಹೊರಮೈಗೆ ಸರಿಯುತ್ತದೆ. ಎಷ್ಟು ಎಂಬುದನ್ನು ಮಾತ್ರ ಅವರು ಹೇಳುವುದಿಲ್ಲ.

ಲೆಕ್ಕ ಹಾಕೋಣ. 2.5 ಸ್ಕ್ವೇರ್ ಎಂಎಂ ತಾಮ್ರದ ವೈರು, 5 ಮೀಟರ್. ಹೋಗಿ ಬರುವ ದಾರಿ ಸೇರಿ 10 ಮೀಟರ್, ರೆಸಿಸ್ಟೆನ್ಸ್ (ಕರೆಂಟಿಗೆ ತಂತಿ ಒಡ್ಡುವ ತಡೆ, ಓಮ್ ಅದರ ಅಳತೆ) ಸುಮಾರು 0.07 ಓಮ್. ಸ್ಕಿನ್ ಎಫೆಕ್ಟ್‌ನಿಂದ 20 ಕಿಲೋಹರ್ಟ್ಸ್‌ನಲ್ಲಿ ಇದು ಕಾಲು ಪಾಲು ಹೆಚ್ಚಿದರೂ 0.09 ಓಮ್. 8 ಓಮ್ ಸ್ಪೀಕರಿನಲ್ಲಿ ಇವೆರಡರ ವ್ಯತ್ಯಾಸ 0.02 ಡೆಸಿಬೆಲ್. ಅದು ಯಾರ ಕಿವಿಗೂ ಸಿಗದು.

ವೈರು ನಿಜಕ್ಕೂ ಕೆಡಿಸುವುದು ತೀರಾ ತೆಳುವಾದಾಗ. 0.5 ಸ್ಕ್ವೇರ್ ಎಂಎಂ ವೈರನ್ನು 10 ಮೀಟರ್ ಎಳೆದರೆ, ಹೋಗಿ ಬರುವ ದಾರಿ 20 ಮೀಟರ್, 0.7 ಓಮ್ ಆಗುತ್ತದೆ. 4 ಓಮ್ ಸ್ಪೀಕರಿಗೆ ಸುಮಾರು 1.4 ಡೆಸಿಬೆಲ್ ನಷ್ಟ. ಸ್ಪೀಕರಿನ ಇಂಪೀಡೆನ್ಸ್ (ಸಿಗ್ನಲ್ಲಿಗೆ ಅದು ಒಡ್ಡುವ ತಡೆ) ಎಲ್ಲ ಸ್ವರಕ್ಕೂ ಒಂದೇ ಇರುವುದಿಲ್ಲವಾದ್ದರಿಂದ ನಷ್ಟವೂ ಒಂದೊಂದು ಕಡೆ ಒಂದೊಂದು ಥರ. ನಾದದ ಬಣ್ಣವೇ ಬದಲಾಗುತ್ತದೆ. ವೈರಿನ ಒಟ್ಟು ರೆಸಿಸ್ಟೆನ್ಸ್ ಸ್ಪೀಕರಿನ ಇಂಪೀಡೆನ್ಸ್‌ನ ಶೇ. 5ರೊಳಗೆ ಇರಲಿ. ಇನ್ನೊಂದು: ತಾಮ್ರ ಎಂದು ಕೊಟ್ಟದ್ದು ತಾಮ್ರ ಲೇಪಿಸಿದ ಅಲ್ಯೂಮಿನಿಯಂ ಆಗಿರಬಹುದು. ಒಂದು ಎಳೆಯನ್ನು ಬ್ಲೇಡಿನಿಂದ ಕೆರೆಯಿರಿ. ಒಳಗೆ ಬೆಳ್ಳಗೆ ಕಂಡರೆ ವಾಪಸ್ ಕೊಡಿ. (ತವರ ಲೇಪಿಸಿದ ತಾಮ್ರವಾದರೆ ಹೊರಗೆ ಬಿಳುಪು, ಒಳಗೆ ಕೆಂಪು. ಅದು ಸರಿಯಾದ ಮಾಲು.)

ಬಾಣದ ಗುರುತಿನ ಸ್ಪೀಕರ್ ವೈರಿಗೆ ಅರ್ಥವಿಲ್ಲ, ಸಿಗ್ನಲ್ಲೇ ಎಸಿ, ಅಂದರೆ ದಿಕ್ಕು ಬದಲಿಸುತ್ತಲೇ ಇರುವ ಕರೆಂಟು. ಶೀಲ್ಡನ್ನು (ಹೊರಗಿನ ಗದ್ದಲ ತಡೆಯುವ ಲೋಹದ ಹೊದಿಕೆ) ಒಂದೇ ತುದಿಯಲ್ಲಿ ಬೆಸೆದ, ಉಪಕರಣಗಳನ್ನು ಒಂದಕ್ಕೊಂದು ಜೋಡಿಸುವ ಇಂಟರ್‌ಕನೆಕ್ಟ್ ಕೇಬಲ್‌ನಲ್ಲಿ ಮಾತ್ರ ಬಾಣಕ್ಕೆ ಕೆಲಸವಿದೆ. ವೈರನ್ನು ನೆಲದಿಂದ ಎತ್ತಿಡುವ ಸೆರಾಮಿಕ್ ಸ್ಟ್ಯಾಂಡುಗಳಿಗೆ ಒಂದು ರೂಪಾಯಿಯೂ ಬೇಡ.

ನನಗೆ ಹೆಚ್ಚು ಸಿಟ್ಟು ತರಿಸುವುದು "200 ಗಂಟೆ ಓಡಲಿ, ಆಮೇಲೆ ಕೇಳಿ" ಎಂಬ ಸಲಹೆ. ಅಷ್ಟು ಗಂಟೆಯಲ್ಲಿ ತಾಮ್ರ ಬದಲಾಗುವುದಿಲ್ಲ. ಕಿವಿ ಒಗ್ಗುತ್ತದೆ, ವಾಪಸ್ ಕೊಡುವ ಅವಧಿಯೂ ಮುಗಿಯುತ್ತದೆ.

ಅನುಮಾನ ಉಳಿದರೆ ಹಣ ಕೊಡುವ ಮೊದಲೇ ಪರೀಕ್ಷಿಸಿ. ಸ್ಪೀಕರ್ ಟರ್ಮಿನಲ್ಲಿನಲ್ಲಿ ಮಲ್ಟಿಮೀಟರ್ ಹಿಡಿದು, 400 ಹರ್ಟ್ಸ್ ಟೋನಿಗೆ ದುಬಾರಿ ಮತ್ತು ಮಾಮೂಲಿ, ಎರಡೂ ವೈರುಗಳ ವೋಲ್ಟೇಜನ್ನು ಶೇ. 1ರೊಳಗೆ ಸರಿಹೊಂದಿಸಿ. ತುಸು ಜೋರಾದದ್ದೇ ಚೆನ್ನಾಗಿ ಕೇಳುವುದರಿಂದ ಈ ಹಂತ ಬಿಟ್ಟರೆ ಪರೀಕ್ಷೆ ವ್ಯರ್ಥ. ನಿಮಗೆ ಕಾಣದಂತೆ ಬೇರೊಬ್ಬರು ನಾಣ್ಯ ಚಿಮ್ಮಿ ವೈರು ಆರಿಸಲಿ, 16 ಸಲ. ಬರೀ ಊಹೆಯಿಂದ 12 ಅಥವಾ ಹೆಚ್ಚು ಸಲ ಸರಿಯಾಗಿ ಗುರುತಿಸುವ ಸಾಧ್ಯತೆ ಶೇ. 4ಕ್ಕಿಂತ ಕಡಿಮೆ. ಎಂಟೊಂಬತ್ತಕ್ಕೆ ನಿಂತರೆ ಆ ದುಡ್ಡಿನಲ್ಲಿ ದಪ್ಪ ಪರದೆ, ಜಮಖಾನೆ ತನ್ನಿ. ಕೋಣೆಯ ಪ್ರತಿಧ್ವನಿ ತಗ್ಗಿದ್ದು ಮೊದಲ ಹಾಡಿಗೇ ತಿಳಿಯುತ್ತದೆ.