ಪಿಸ್ಟನ್ ಇಲ್ಲದ ಇಂಜಿನ್ನಿಗೆ ಪಿಸ್ಟನ್ ಬುದ್ಧಿ ಹೇಳ್ಬೇಡಿ

ಚಿಕ್ಕಮಗಳೂರು ಕಡೆ ಮಜ್ದಾ ಅಂದ್ರೆ ಇವತ್ತಿಗೂ ಜನಕ್ಕೆ ಮೊದ್ಲು ನೆನಪಾಗೋದು ಸ್ವರಾಜ್ ಮಜ್ದಾ ವ್ಯಾನು. ಅದೇ ಜಪಾನ್ ಕಂಪನಿ ಪಿಸ್ಟನ್ನೇ ಇಲ್ಲದ, ರೋಟರಿ ಅನ್ನೋ ಪೆಟ್ರೋಲ್ ಇಂಜಿನ್ ಹಾಕಿ ದಶಕಗಟ್ಟಲೆ ಸ್ಪೋರ್ಟ್ಸ್ ಕಾರ್ ಮಾರಿದೆ ಅಂದ್ರೆ ಗ್ಯಾರೇಜಲ್ಲಿ ಅರ್ಧ ಜನ ನಂಬಲ್ಲ. ಆ ಕಾರುಗಳಲ್ಲಿ ಆರ್‌ಎಕ್ಸ್-7 ಆಗ್ಲಿ ಆರ್‌ಎಕ್ಸ್-8 ಆಗ್ಲಿ ನಮ್ಮ ದೇಶದ ಶೋರೂಮಿಗೆ ಬರ್ಲೇ ಇಲ್ಲ, ಹೊರಗಿಂದ ತರಿಸ್ಕೊಂಡವ್ರ ಹತ್ರ ಅಲ್ಲೊಂದು ಇಲ್ಲೊಂದು ಇದಾವೆ ಅಷ್ಟೆ. ನಾನು ಹತ್ತಿರದಿಂದ ನೋಡಿದ್ದು ಆಲ್ದೂರು ಕಡೆಯ ಒಂದು ತೋಟದ ಶೆಡ್ಡಲ್ಲಿ, ಹಳೇ ಜೀಪಿನ ಪಕ್ಕ ನಿಂತಿದ್ದ ಆರ್‌ಎಕ್ಸ್-8. ಕಾರನ್ನ ತುಂಬಾ ಪ್ರೀತಿಯಿಂದ ನೋಡ್ಕೊಳ್ತಿದ್ರು ಅದರ ಮಾಲೀಕರು, ಸಮಸ್ಯೆ ಅಂದ್ರೆ ಜೀಪಿಗೆ ಮಾಡೋ ಪ್ರೀತೀನೇ ಇದಕ್ಕೂ ಮಾಡ್ತಿದ್ರು. ಮಳೆಗಾಲದಲ್ಲಿ ಎರಡು ದಿನಕ್ಕೊಂದ್ಸಲ ಐದು ನಿಮಿಷ ಸ್ಟಾರ್ಟ್ ಮಾಡಿ ಆಫ್ ಮಾಡೋದು, ಓಡ್ಸುವಾಗ ಮೂರು ಸಾವಿರ ಆರ್‌ಪಿಎಂ (ನಿಮಿಷಕ್ಕೆ ಇಂಜಿನ್ ತಿರುಗೋ ಸುತ್ತು) ದಾಟಿಸದೇ ಇರೋದು, ಆಯಿಲ್ ಕಮ್ಮಿ ಆದ ತಕ್ಷಣ "ಇಂಜಿನ್ ಆಯಿಲ್ ತಿಂತಿದೆ, ಹೋಯ್ತು" ಅಂತ ಗಾಬರಿ ಬೀಳೋದು. ಪಿಸ್ಟನ್ ಗಾಡಿಗಳು ಕಲಿಸಿದ ಈ ಮೂರು ಅಭ್ಯಾಸದಲ್ಲಿ ಮೊದಲೆರಡು ರೋಟರಿ ಇಂಜಿನ್ನಿನ ಆಯಸ್ಸು ತಿನ್ನುತ್ವೆ, ಮೂರನೇದು ಸುಮ್ಮನೆ ನಿದ್ದೆ ಕೆಡಿಸುತ್ತೆ. ಯಾಕೆ ಅಂತ ತಿಳೀಬೇಕಾದ್ರೆ ಇಂಜಿನ್ ಒಳಗೆ ಒಂದ್ಸಲ ಇಣುಕಬೇಕು.

ಸೊಂಟದ ಹತ್ರ ಸ್ವಲ್ಪ ಒಳಗೆ ಒತ್ತಿದ ಮೊಟ್ಟೆ ಆಕಾರದ ಒಂದು ಗೂಡು, ಅದು ಹೌಸಿಂಗ್. ಅದರೊಳಗೆ ಬದಿ ಉಬ್ಬಿರೋ ಮೂರು ಮೂಲೆಯ ರೋಟರ್. ಒರಳಲ್ಲಿ ರುಬ್ಬೋ ಗುಂಡು ಗೋಡೆಗೆ ಒರಸ್ಕೊಂಡು ಸುತ್ತು ಬರ್ತಾ ತಾನೂ ತಿರುಗುತ್ತಲ್ಲ, ಹೆಚ್ಚು ಕಮ್ಮಿ ಹಾಗೆ ಈ ರೋಟರು ಓಲಾಡ್ತಾ ತಿರುಗುತ್ತೆ, ಒಂದೇ ವ್ಯತ್ಯಾಸ ಅಂದ್ರೆ ಇದರ ಮೂರೂ ಮೂಲೆ ಯಾವಾಗ್ಲೂ ಗೋಡೆ ಬಿಡಲ್ಲ. ಮೂಲೆ ಮೂಲೆ ಮಧ್ಯೆ ಒಂದೊಂದು ಕೋಣೆ, ಒಟ್ಟು ಮೂರು. ರೋಟರ್ ಸುತ್ತಿದ ಹಾಗೆ ಒಂದೊಂದು ಕೋಣೆ ದೊಡ್ಡದಾಗಿ ಚಿಕ್ಕದಾಗಿ ಗಾಳಿ-ಪೆಟ್ರೋಲ್ ಎಳ್ಕೊಂಡು, ಒತ್ತಿ, ಸುಟ್ಟು, ಹೊರಗೆ ಹಾಕುತ್ತೆ. ವಾಲ್ವ್ ಇಲ್ಲ, ಕನೆಕ್ಟಿಂಗ್ ರಾಡ್ ಇಲ್ಲ, ಮೇಲೆ ಕೆಳಗೆ ಹಾರಾಡೋದು ಏನೂ ಇಲ್ಲ. ರೋಟರ್ ಒಂದು ಸುತ್ತು ಬರೋದ್ರಲ್ಲಿ ಅದು ತಿರುಗಿಸೋ ಇಂಜಿನ್ ಶಾಫ್ಟ್ ಮೂರು ಸುತ್ತು ತಿರುಗಿರುತ್ತೆ, ಅಂದ್ರೆ ಮೀಟರಲ್ಲಿ 9000 ತೋರಿಸ್ತಿದ್ರೂ ರೋಟರ್ ತಿರುಗ್ತಿರೋದು 3000ಕ್ಕೆ. ಆರ್‌ಎಕ್ಸ್-8 ಇಂಜಿನ್ನಲ್ಲಿ 654 ಸಿಸಿಯ ಎರಡು ರೋಟರು, ಲೆಕ್ಕಕ್ಕೆ 1308 ಸಿಸಿ. 2003ರಲ್ಲಿ ಜಪಾನಲ್ಲಿ ಬಿಟ್ಟಾಗ ಅದರ ಮೇಲಿನ ಮಾದರಿಯ ಶಕ್ತಿ 250 ಪಿಎಸ್ (ಹೆಚ್ಚು ಕಮ್ಮಿ ಹಾರ್ಸ್ ಪವರೇ) ಅಂತ ಹೇಳಿದ್ರು, ಟರ್ಬೋ ಕೂಡ ಇಲ್ದೆ!

ಮೂಲೆಯಲ್ಲಿ ಗೋಡೆಗೆ ತಾಗಿರೋದು ಏಪೆಕ್ಸ್ ಸೀಲ್ ಅನ್ನೋ ಒಂದು ಲೋಹದ ಪಟ್ಟಿ, ಅಡಿಯಲ್ಲಿ ಸಣ್ಣ ಸ್ಪ್ರಿಂಗು. ಈ ಇಂಜಿನ್ನಲ್ಲಿ ಅದರ ದಪ್ಪ ಬರೀ ಎರಡು ಮಿಲಿಮೀಟರ್. ಪಿಸ್ಟನ್ನಿಗಾದ್ರೆ ರಿಂಗ್ ಅನ್ನೋದು ಸುತ್ತಲೂ ಒಂದೇ ಬಳೆ, ಒಂದರ ಕೆಳಗೊಂದು ಎರಡು ಮೂರು ಇರ್ತವೆ, ಇಲ್ಲಿ ಒಂದು ಕೋಣೆಗೂ ಇನ್ನೊಂದಕ್ಕೂ ಮಧ್ಯೆ ಇರೋದು ಈ ಒಂದೇ ಒಂದು ಗೆರೆ. ರೋಟರಿಯ ಇಡೀ ಚರಿತ್ರೆ ಅಂದ್ರೆ ಈ ಪಟ್ಟಿ ಜೊತೆ ನಡೆಸಿದ ಗುದ್ದಾಟಾನೇ. ಫೆಲಿಕ್ಸ್ ವಾಂಕೆಲ್ ಅನ್ನೋ ಜರ್ಮನ್ನನ ಇಂಜಿನ್ 1957ರಲ್ಲಿ ಎನ್‌ಎಸ್‌ಯು ಕಂಪನೀಲಿ ಮೊದಲ ಸಲ ತಿರುಗ್ತು. ಅದೇ ಕಂಪನಿ 1967ರಲ್ಲಿ ಆರ್‌ಓ 80 ಅನ್ನೋ ಚಂದದ ಕಾರ್ ಬಿಟ್ಟು, ಸೀಲ್ ಸವೆದು ವಾರಂಟಿ ಅಂತ ಬಂದ ಇಂಜಿನ್ ಬದಲಾಯಿಸಿ ಬದಲಾಯಿಸಿ ಸೋತು, 1969ರಲ್ಲಿ ಫೋಕ್ಸ್‌ವ್ಯಾಗನ್ ತೆಕ್ಕೆಗೆ ಹೋಯ್ತು. ಮಜ್ದಾದಲ್ಲೂ ಶುರುವಲ್ಲಿ ಇದೇ ಗೋಳು, ಸೀಲ್ ಅದುರಿ ಅದುರಿ ಹೌಸಿಂಗ್ ಗೋಡೆ ಮೇಲೆ ಅಲೆ ಅಲೆ ಗೀರು ಬೀಳ್ತಿತ್ತು, ಅದನ್ನ ಅವರು ದೆವ್ವದ ಉಗುರಿನ ಗುರುತು ಅಂತ ಕರೀತಿದ್ರು. ಕೆನಿಚಿ ಯಮಮೋಟೊ ಅನ್ನೋರ ತಂಡ ಅಲ್ಯೂಮಿನಿಯಂ ಬೆರೆಸಿದ ಇಂಗಾಲದ ಸೀಲ್ ಕಂಡುಹಿಡಿದು 1967ರಲ್ಲಿ ಕಾಸ್ಮೊ ಸ್ಪೋರ್ಟ್ ಅನ್ನೋ ರೋಟರಿ ಕಾರ್ ಬಿಟ್ರು. 1991ರಲ್ಲಿ ಮಜ್ದಾದ ನಾಲ್ಕು ರೋಟರಿನ 787ಬಿ ಕಾರು ಫ್ರಾನ್ಸಿನ ಲ ಮಾನ್ಸ್ 24 ಗಂಟೆ ರೇಸನ್ನ 362 ಸುತ್ತು ಹೊಡೆದು ಗೆಲ್ತು. ಹಾಗಾಗಿ ರೋಟರಿ ಅಂದ್ರೇನೇ ಪುಸ್ಕ ಇಂಜಿನ್ ಅನ್ನೋ ಮಾತಿಗೆ ನನ್ನ ಒಪ್ಪಿಗೆ ಇಲ್ಲ, ಇಡೀ ದಿನ ಚಚ್ಚಿಸ್ಕೊಂಡೂ ಅದು ನಿಂತಿಲ್ಲ. ಅದಕ್ಕೆ ಆಗದೇ ಇರೋದು ಬೇರೆ ಥರದ ಹಿಂಸೆ.

ಆಯಿಲ್ ವಿಷಯ ಮೊದ್ಲು ಮುಗಿಸ್ತೀನಿ. ಪಿಸ್ಟನ್ ಇಂಜಿನ್ನಲ್ಲಿ ಕೆಳಗಿನ ಆಯಿಲ್ ಸಿಲಿಂಡರ್ ಗೋಡೆಗೆ ಎರಚುತ್ತೆ, ರಿಂಗು ಅದನ್ನ ಕೆರೆದು ವಾಪಸ್ ಕೆಳಗೆ ಕಳಿಸುತ್ತೆ. ರೋಟರಿಯಲ್ಲಿ ಏಪೆಕ್ಸ್ ಸೀಲ್ ಇರೋ ಜಾಗಕ್ಕೆ ಹಾಗೆ ಎರಚೋಕೆ ದಾರೀನೇ ಇಲ್ಲ, ಅದಕ್ಕೆ ಒಂದು ಪುಟ್ಟ ಪಂಪು ಸಂಪಿನ (ಇಂಜಿನ್ ಕೆಳಗಿನ ಆಯಿಲ್ ತೊಟ್ಟಿ) ಆಯಿಲನ್ನೇ ಹನಿ ಹನಿಯಾಗಿ ಹೌಸಿಂಗ್ ಒಳಗೆ ಬಿಡುತ್ತೆ, ಸೀಲಿಗೆ ಜಾರಿಕೆ ಕೊಟ್ಟು ಅದು ಪೆಟ್ರೋಲ್ ಜೊತೆ ಸುಟ್ಟು ಹೋಗುತ್ತೆ. ಅಂದ್ರೆ ಆಯಿಲ್ ಕಮ್ಮಿ ಆಗ್ತಿದ್ರೆ ಪಂಪ್ ಕೆಲಸ ಮಾಡ್ತಿದೆ ಅಂತ ಅರ್ಥ ಮಾರಾಯ್ರೆ. ಹೆದರಬೇಕಾಗಿರೋದು ಸಾವಿರಾರು ಕಿಲೋಮೀಟರ್ ಓಡಿಸಿದ್ರೂ ಆಯಿಲ್ ಅಳೆಯೋ ಕಡ್ಡಿ, ಅಂದ್ರೆ ಡಿಪ್‌ಸ್ಟಿಕ್ಕಲ್ಲಿ ಗೆರೆ ಇಳೀಲಿಲ್ಲ ಅಂದಾಗ. ಆರ್‌ಎಕ್ಸ್-8ರ ಆಯಿಲ್ ನಳಿಕೆಗಳು ಪ್ಲಾಸ್ಟಿಕ್, ಬಿಸಿಗೆ ಗಡಸಾಗಿ ಬಿರುಕು ಬಿಡ್ತವೆ, ಆಗ ಆಯಿಲ್ ಹೊರಗೆ ಸೋರಿ ಸೀಲ್ ಒಣಗಿ ಓಡುತ್ತೆ. 2009ರ ಮಾದರಿಯಲ್ಲಿ ಕಂಪನಿಯವರೇ ಒಂದೊಂದು ರೋಟರಿಗೆ ಮೂರನೇ ಆಯಿಲ್ ನಳಿಕೆ ಸೇರಿಸಿದ್ರು, ಮೊದಲಿದ್ದಿದ್ದು ಸಾಲ್ತಿರ್ಲಿಲ್ಲ ಅನ್ನೋದಕ್ಕೆ ಬೇರೆ ಸಾಕ್ಷಿ ಬೇಕಾ. ತುಂಬಾ ಮಾಲೀಕರು ಪೆಟ್ರೋಲ್ ಟ್ಯಾಂಕಿಗೇ ಸ್ವಲ್ಪ ಟೂಟಿ ಆಯಿಲ್ ಹಾಕ್ತಾರೆ, ಲೀಟರಿಗೆ ಐದು ಎಂಎಲ್ ಆಸುಪಾಸು. ನಮ್ಮ ಯಮಹಾ ಆರ್‌ಎಕ್ಸ್ 100 ಕಾಲದವ್ರಿಗೆ ಇದೇನೂ ಹೊಸದಲ್ಲ, ಪ್ರಮಾಣ ಮಾತ್ರ ಟೂ ಸ್ಟ್ರೋಕ್ ಗಾಡಿಗೆ ಹಾಕೋದ್ರ ಕಾಲು ಭಾಗ. ಸಿಂಥೆಟಿಕ್ಕಾ ಮಿನರಲ್ಲಾ ಅನ್ನೋ ಜಗಳ ಇನ್ನೂ ನಡೀತಾನೇ ಇದೆ, ನನ್ನ ಕೇಳಿದ್ರೆ ಯಾವ್ದೋ ಒಂದು ಒಳ್ಳೇದು ಹಾಕಿ 5000 ಕಿಲೋಮೀಟರಿಗೆ ತಪ್ಪದೆ ಬದಲಾಯಿಸಿ, ಪ್ರತಿ ಎರಡನೇ ಸಲ ಪೆಟ್ರೋಲ್ ಹಾಕಿಸುವಾಗ ಡಿಪ್‌ಸ್ಟಿಕ್ ಎಳೆದು ನೋಡಿ, ಸಾಕು.

ಈಗ ಆ ಐದು ನಿಮಿಷದ ಸ್ಟಾರ್ಟು. ತಣ್ಣಗಿರೋ ಇಂಜಿನ್ನಿಗೆ ಕಂಪ್ಯೂಟರು ಪೆಟ್ರೋಲ್ ಧಾರಾಳ ಸುರಿಯುತ್ತೆ, ಎಲ್ಲಾ ಗಾಡೀಲೂ ಹೀಗೇ. ಆದ್ರೆ ರೋಟರಿಯ ಕೋಣೆ ಉದ್ದಕ್ಕೆ ತೆಳ್ಳಗಿದೆ, ಗೋಡೆ ಜಾಸ್ತಿ, ತಣ್ಣಗಿನ ಗೋಡೆಗೆ ಪೆಟ್ರೋಲ್ ಹಸಿಯಾಗೇ ಅಂಟ್ಕೊಳ್ಳುತ್ತೆ. ಬಿಸಿ ಆಗೋಕೆ ಮುಂಚೆ ಆಫ್ ಮಾಡಿದ್ರೆ ಆ ಹಸಿ ಪೆಟ್ರೋಲ್ ಅಲ್ಲೇ ಉಳಿದು ಸೀಲ್ ಮೇಲಿನ ಆಯಿಲ್ ತೊಳೆದು ಹಾಕುತ್ತೆ. ಆಯಿಲ್ ಇಲ್ಲ ಅಂದ್ರೆ ಸೀಲ್ ಗಾಳಿ ಹಿಡಿಯಲ್ಲ, ಕಂಪ್ರೆಶನ್ (ಕೋಣೆಯಲ್ಲಿ ಗಾಳಿ ಒತ್ತಿದಾಗ ಬರೋ ಒತ್ತಡ) ಇಲ್ಲ, ಮುಂದಿನ ಸಲ ಕೀ ತಿರುಗಿಸಿದ್ರೆ ಬೆಂಕಿ ಹತ್ತಲ್ಲ, ತಿರುಗಿಸಿದಷ್ಟೂ ಇನ್ನಷ್ಟು ಪೆಟ್ರೋಲ್ ಬಂದು ಇನ್ನಷ್ಟು ತೊಳೆಯುತ್ತೆ. ಶೆಡ್ಡಿಂದ ಹೊರಗೆ ತೆಗೆದು ತೊಳೆಯೋಕೆ ನಿಲ್ಸಿದ ಕಾರು ವಾಪಸ್ ಶೆಡ್ಡಿಗೆ ಹೋಗಲ್ಲ ಅಂದ್ರೆ ಕಾರಣ ಇದೇ, ಇದಕ್ಕೆ ಫ್ಲಡ್ ಆಗೋದು ಅಂತಾರೆ. ಆಗ ಮಾಡ್ಬೇಕಾದ್ದು ಆಕ್ಸಿಲರೇಟರ್ ಪೂರ್ತಿ ನೆಲಕ್ಕೆ ಒತ್ತಿ ಹಿಡ್ಕೊಂಡು ಹತ್ತು ಸೆಕೆಂಡ್ ಸ್ಟಾರ್ಟರ್ ತಿರುಗಿಸೋದು, ಹಾಗೆ ಒತ್ತಿದಾಗ ಕಂಪ್ಯೂಟರ್ ಪೆಟ್ರೋಲ್ ನಿಲ್ಲಿಸಿ ಬರೀ ಗಾಳಿ ಎಳೆಯೋಕೆ ಬಿಡುತ್ತೆ. ಅದಕ್ಕೂ ಬಗ್ಗಲಿಲ್ಲ ಅಂದ್ರೆ ಫ್ಯುಯೆಲ್ ಪಂಪಿನ ಫ್ಯೂಸ್ ಕಿತ್ತು, ಪ್ಲಗ್ ಬಿಚ್ಚಿ ಒಣಗಿಸಿ, ಒಳಗಿನ ಪೆಟ್ರೋಲನ್ನ ಸ್ಟಾರ್ಟರ್ ತಿರುಗಿಸಿ ಹೊರಗೆ ಹಾಕಿ, ಪ್ಲಗ್ ತೂತಲ್ಲಿ ಒಂಚೂರು ಆಯಿಲ್ ಬಿಟ್ಟು ಮತ್ತೆ ಜೋಡಿಸೋದು. ಪೆಟ್ರೋಲ್ ಹಬೆ ಹೊರಗೆ ಬರ್ತಿರುತ್ತೆ, ಪ್ಲಗ್ ಕಾಯಿಲ್ ವೈರ್ ಎಲ್ಲಾ ಕಳಚಿಟ್ಟೇ ತಿರುಗಿಸಿ, ಬೀಡಿ ಗೀಡಿ ದೂರ ಇಡಿ. ಮಲೆನಾಡಿನ ಮಳೆಗಾಲದಲ್ಲಿ ತಿಂಗಳುಗಟ್ಟಲೆ ನಿಲ್ಲಿಸೋದಾದ್ರೆ ಬ್ಯಾಟರಿಗೆ ಚಾರ್ಜರ್ ಹಾಕಿ ಸುಮ್ನೆ ಬಿಡೋದೇ ವಾಸಿ. ಸ್ಟಾರ್ಟ್ ಮಾಡಿದ್ರಾ, ಬೇಲೂರಿಗಾದ್ರೂ ಒಂದು ರೌಂಡ್ ಹೋಗಿ ಬಂದು ಬಿಸಿ ಇಂಜಿನ್ನೇ ಆಫ್ ಮಾಡಿ.

ಓಡ್ಸುವಾಗ ನಾಜೂಕು ಮಾಡೋದೂ ಹಾಗೇ. ಆಯಿಲ್ ಸುಡುತ್ತೆ ಅಂದ್ಮೇಲೆ ಮಸಿ ಇದ್ದೇ ಇರುತ್ತೆ, ಕಡಿಮೆ ವೇಗದಲ್ಲಿ ತೆವಳ್ತಾ ಇದ್ರೆ ಆ ಮಸಿ ಸೀಲ್ ಕೂರೋ ಕಾಲುವೇಲಿ ಗಟ್ಟಿಯಾಗಿ ಸೀಲ್ ಅಲ್ಲೇ ಸಿಕ್ಕಿಹಾಕ್ಕೊಳ್ಳುತ್ತೆ. ಇಂಜಿನ್ ಪೂರ್ತಿ ಬಿಸಿ ಆದ್ಮೇಲೆ ಕಡೂರು ರೋಡಲ್ಲಿ ಖಾಲಿ ಜಾಗ ನೋಡಿ ಎರಡನೇ ಗೇರಲ್ಲಿ ಮೇಲಿನ ತನಕ ಎಳೆಯೋದು ಈ ಕಾರಿಗೆ ಔಷಧಿ. ತಣ್ಣಗಿದ್ದಾಗ ಎಳೆದ್ರೆ ವಿಷ, ಅದನ್ನೂ ಹೇಳ್ಬೇಕು.

ಬಿಸಿಯ ಕಥೆ ಸ್ವಲ್ಪ ಗಂಭೀರ. ಪಿಸ್ಟನ್ ಇಂಜಿನ್ನಲ್ಲಿ ಬೆಂಕಿ ಹತ್ತಿದ ಜಾಗಕ್ಕೇ ಮುಂದಿನ ಸುತ್ತಲ್ಲಿ ತಣ್ಣನೆ ಗಾಳಿ ಬಂದು ತಂಪು ಮಾಡುತ್ತೆ. ಇಲ್ಲಿ ಗಾಳಿ ಬರೋದು ಗೂಡಿನ ಒಂದು ಕಡೆ, ಸುಡೋದು ಯಾವಾಗ್ಲೂ ಇನ್ನೊಂದು ಕಡೆ. ಒಂದೇ ಹೌಸಿಂಗಿನ ಒಂದು ಬದಿ ಸದಾ ಕುದೀತಿರುತ್ತೆ, ಇನ್ನೊಂದು ಬದಿ ಸದಾ ತಂಪು. ಜೊತೆಗೆ ರೋಟರ್ ಸುತ್ತಲಿನ ಹೌಸಿಂಗ್ ಅಲ್ಯೂಮಿನಿಯಂ, ಅಕ್ಕಪಕ್ಕದ ತಟ್ಟೆಗಳು ಬೀಡು ಕಬ್ಬಿಣ. ಅಲ್ಯೂಮಿನಿಯಂ ಕಬ್ಬಿಣಕ್ಕಿಂತ ಸುಮಾರು ಎರಡರಷ್ಟು ಹಿಗ್ಗುತ್ತೆ, ಇವೆರಡನ್ನೂ ಒತ್ತೊತ್ತಾಗಿ ಉದ್ದ ಬೋಲ್ಟ್ ಹಾಕಿ ಬಿಗಿದಿರ್ತಾರೆ, ಮಧ್ಯೆ ನೀರು ತಡೆಯೋಕೆ ರಬ್ಬರ್ ಸೀಲು. ಒಂದೇ ಒಂದು ಸಲ ಜೋರಾಗಿ ಓವರ್‌ಹೀಟ್ ಆದ್ರೂ ಸಾಕು, ಆ ಸೀಲ್ ಹೋಗುತ್ತೆ. ಬೆಳಗ್ಗೆ ಸ್ಟಾರ್ಟ್ ಮಾಡ್ದಾಗ ಬಿಳಿ ಹೊಗೆ, ಒಂದು ರೋಟರ್ ಕುಂಟೋದು, ಕೂಲಂಟ್ ಎಲ್ಲಿ ಹೋಗ್ತಿದೆ ಅಂತ ಗೊತ್ತಾಗದೆ ಕಮ್ಮಿ ಆಗೋದು, ಕೂಲಂಟ್ ಟ್ಯಾಂಕಲ್ಲಿ ಗುಳ್ಳೆ, ಇವೆಲ್ಲಾ ಅದರ ಲಕ್ಷಣ. ನಮ್ಮೂರು ಸಮುದ್ರದಿಂದ ಸಾವಿರ ಮೀಟರ್ ಮೇಲಿದೆ, ಬಾಯಿ ತೆರೆದ ಪಾತ್ರೇಲಿ ನೀರು ಇಲ್ಲಿ 97 ಡಿಗ್ರಿ ಹತ್ತಿರಾನೇ ಕುದಿಯುತ್ತೆ, ಮುಳ್ಳಯ್ಯನಗಿರಿ ಮೇಲೆ 94ರ ಹತ್ರ. ರೇಡಿಯೇಟರ್ ಕ್ಯಾಪಿನ ಒತ್ತಡಾನೇ ಅದನ್ನ ಮೇಲೆ ಎತ್ತಿ ಹಿಡಿಯೋದು, ಹಾಗಾಗಿ ಘಟ್ಟ ಹತ್ತೋ ಗಾಡೀಲಿ ಹಳೇ ಕ್ಯಾಪ್ ಇಟ್ಕೊಳ್ಳೋದು ದಂಡದ ಉಳಿತಾಯ. ಇನ್ನೊಂದು, ರೋಟರ್ ಒಳಭಾಗ ತಂಪಾಗೋದು ನೀರಿಂದಲ್ಲ, ಆಯಿಲಿಂದ. ಆಯಿಲ್ ಕೂಲರ್ ಇರೋದು ಮುಂದಿನ ಬಂಪರಿನ ಮೂಲೆಗಳ ಹಿಂದೆ, ತೋಟದ ರೋಡಿನ ಕೆಸರು, ಸಿಲ್ವರ್ ಓಕ್ ಎಲೆ ಎಲ್ಲಾ ನೇರ ಅಲ್ಲಿಗೇ ಹೋಗಿ ಕೂರುತ್ತೆ. ಮಳೆಗಾಲ ಮುಗಿದ ಮೇಲೆ ಅದನ್ನ ಬಿಚ್ಚಿ ತೊಳೀರಿ, ಪ್ರೆಶರ್ ವಾಟರ್ ಹತ್ತಿರ ಹಿಡಿದು ರೆಕ್ಕೆ ಮಡಚ್ಬೇಡಿ.

ಕಾಯಿಲ್ ಪ್ಲಗ್ ಬಗ್ಗೆ ಎರಡೇ ಮಾತು. ಕೋಣೆ ಉದ್ದ ಇರೋದ್ರಿಂದ ಬೆಂಕಿ ಈ ತುದಿಯಿಂದ ಆ ತುದಿ ಮುಟ್ಟೋಕೆ ಕಷ್ಟ, ಅದಕ್ಕೆ ಒಂದು ರೋಟರಿಗೆ ಎರಡು ಪ್ಲಗ್. ಆರ್‌ಎಕ್ಸ್-8ರಲ್ಲಿ ಕೆಳಗಿನದ್ದೂ ಮೇಲಿನದ್ದೂ ಬೇರೆ ಬೇರೆ ನಂಬರಿನ ಪ್ಲಗ್, ಅದಲು ಬದಲು ಮಾಡ್ಬೇಡಿ. ಪ್ಲಗ್ಗಿಗೆ ಕಿಡಿಯ ಕರೆಂಟ್ ಕೊಡೋ ಕಾಯಿಲ್ ಒಂದೇ ದಿನ ಸಾಯಲ್ಲ, ನಿಧಾನ ಸೊರಗುತ್ತೆ, ಒಂದು ಪ್ಲಗ್ ಕೈಕೊಟ್ರೂ ಇನ್ನೊಂದು ಹೇಗೋ ಎಳೆಯುತ್ತೆ ಅಂತ ಗೊತ್ತೇ ಆಗಲ್ಲ. ಸುಡದೇ ಉಳಿದ ಪೆಟ್ರೋಲ್ ಸೈಲೆನ್ಸರ್ ದಾರೀಲಿ ಹೊಗೆ ಶುದ್ಧ ಮಾಡೋಕೆ ಇರೋ ಕೆಟಲಿಟಿಕ್ ಕನ್ವರ್ಟರಲ್ಲಿ ಉರಿದು ಅದು ಕೆಂಪಗೆ ಕಾದು ಕರಗಿ ಕಟ್ಟಿಕೊಳ್ಳುತ್ತೆ, ಹೊಗೆ ಹೊರಗೆ ಹೋಗೋಕೆ ದಾರಿ ಇಲ್ದೆ ಬಿಸಿಯೆಲ್ಲಾ ವಾಪಸ್ ಇಂಜಿನ್ ಮೇಲೆ. ಕಾಯಿಲ್ ದುಡ್ಡು ಉಳಿಸೋಕೆ ಹೋಗಿ ಇಂಜಿನ್ ದುಡ್ಡು ಕೊಡೋದು ಅಂದ್ರೆ ಇದೇ.

ಇಂಜಿನ್ ಆರೋಗ್ಯ ನಿಜಕ್ಕೂ ಹೇಗಿದೆ ಅಂತ ಹೇಳೋದು ಕಂಪ್ರೆಶನ್ ಟೆಸ್ಟ್. ಇದೇ ನನಗೆ ತುಂಬಾ ಇಷ್ಟವಾದ ಭಾಗ, ಯಾಕಂದ್ರೆ ಇಂಜಿನ್ ಬಿಚ್ಚದೇ ಒಳಗೆ ಯಾವ ಸೀಲ್ ಹೋಗಿದೆ ಅಂತ ಬರೀ ಲೆಕ್ಕದಲ್ಲೇ ಊಹಿಸ್ಬಹುದು. ಗ್ಯಾರೇಜಲ್ಲಿ ಇರೋ ಮಾಮೂಲಿ ಗೇಜ್ ಹಾಕಿದ್ರೆ ಮೋಸ ಹೋಗ್ತೀರ, ಅದು ಬಂದದ್ರಲ್ಲಿ ದೊಡ್ಡ ಒತ್ತಡ ಮಾತ್ರ ಹಿಡ್ಕೊಂಡು ನಿಲ್ಲುತ್ತೆ, ಒಂದು ಪ್ಲಗ್ ತೂತಿನ ಮುಂದೆ ಮೂರು ಕೋಣೆ ಸರತಿಯಲ್ಲಿ ಹಾದು ಹೋಗೋದ್ರಿಂದ ಎರಡು ಸತ್ತಿದ್ರೂ ಒಂದು ಚೆನ್ನಾಗಿದ್ರೆ ಗೇಜ್ ಚೆನ್ನಾಗೇ ತೋರಿಸುತ್ತೆ. ಒಂದೊಂದು ಕೋಣೆಯ ಒತ್ತಡಾನೂ ಬೇರೆ ಬೇರೆ ಬರೆಯೋ ರೋಟರಿ ಟೆಸ್ಟರ್ ಬೇಕು. ಅದು ಸಿಗಲಿಲ್ಲ ಅಂದ್ರೆ ಗೇಜಿನ ಒತ್ತಡ ತಡೆಯೋ ಸಣ್ಣ ವಾಲ್ವ್ ಕಿತ್ತು ಮುಳ್ಳು ಕುಣಿಯೋದನ್ನ ಮೊಬೈಲಲ್ಲಿ ವಿಡಿಯೋ ಮಾಡಿ ನಿಧಾನಕ್ಕೆ ನೋಡಿದ್ರೆ ಮೂರೂ ಏಟು ಸಮ ಇದ್ಯೋ ಇಲ್ವೋ ಅಂತಾದ್ರೂ ಗೊತ್ತಾಗುತ್ತೆ. ಅಕ್ಕಪಕ್ಕದ ಎರಡು ಕೋಣೆ ಬಿದ್ದು ಒಂದು ಚೆನ್ನಾಗಿದ್ರೆ ಏಪೆಕ್ಸ್ ಸೀಲ್ ಅನುಮಾನ, ಯಾಕಂದ್ರೆ ಒಂದು ಮೂಲೆ ಎರಡು ಕೋಣೆಗೂ ಸೇರಿದ ಗೋಡೆ. ಒಂದೇ ಕೋಣೆ ಬಿದ್ದಿದ್ರೆ ಆ ಬದಿಯ ಸೈಡ್ ಸೀಲ್, ಅಂದ್ರೆ ರೋಟರಿನ ಪಕ್ಕದ ಮುಖದಲ್ಲಿರೋ ಸೀಲ್. ಮೂರೂ ಸಮನಾಗಿ ಇಳಿದಿದ್ರೆ ಸಾಮಾನ್ಯ ಸವೆತ, ವಯಸ್ಸಾಗಿದೆ.

ಅಂಕಿ ಬೇಕಂದ್ರೆ, ಆರ್‌ಎಕ್ಸ್-8ಗೆ ಇಂಜಿನ್ 250 ಆರ್‌ಪಿಎಂನಲ್ಲಿ ತಿರುಗ್ತಿರುವಾಗ ಒತ್ತಡ 830 ಕಿಲೋಪ್ಯಾಸ್ಕಲ್ ಇರ್ಬೇಕು, 680ಕ್ಕಿಂತ ಕೆಳಗೆ ಹೋದ್ರೆ ಫೇಲ್. ಬ್ಯಾಟರಿ ವೀಕ್ ಇದ್ದು ನಿಧಾನ ತಿರುಗಿದ್ರೆ ನಂಬರ್ ತಾನಾಗೇ ಕಮ್ಮಿ ಬರುತ್ತೆ, ಅದಕ್ಕೆ ಆರ್‌ಪಿಎಂ ಬರೆದುಕೊಳ್ಳದ ಟೆಸ್ಟ್ ರಿಪೋರ್ಟಿಗೆ ಬೆಲೆ ಇಲ್ಲ. ಅದಕ್ಕಿಂತ ಮುಖ್ಯ ನಮ್ಮ ಎತ್ತರ. ಚಿಕ್ಕಮಗಳೂರಾಗ್ಲಿ ಹಾಸನ ಆಗ್ಲಿ ಸುಮಾರು ಸಾವಿರ ಮೀಟರ್ ಎತ್ತರದಲ್ಲಿವೆ, ಇಲ್ಲಿ ಗಾಳಿಯ ಒತ್ತಡ ಮಂಗಳೂರಿಗಿಂತ ನೂರಕ್ಕೆ ಹತ್ತು ಹನ್ನೊಂದು ಕಮ್ಮಿ. ಒಳಗೆ ಎಳ್ಕೊಳ್ಳೋ ಗಾಳೀನೇ ತೆಳು ಅಂದ್ಮೇಲೆ ಒತ್ತಿದಾಗ ಬರೋ ಒತ್ತಡಾನೂ ಅಷ್ಟೇ ಕಮ್ಮಿ, ಮಂಗಳೂರಲ್ಲಿ 740 ತೋರಿಸಿ ಪಾಸಾದ ಇಂಜಿನ್ನು ಚಾರ್ಮಾಡಿ ಹತ್ತಿ ಇಲ್ಲಿಗೆ ಬಂದು 660 ತೋರಿಸಿ ಫೇಲ್ ಆದ ಹಾಗೆ ಕಾಣುತ್ತೆ. ಸಮುದ್ರ ಮಟ್ಟದ 680 ಅನ್ನೋ ಗೆರೆ ನಮ್ಮಲ್ಲಿ 605ರ ಹತ್ರ ಬರುತ್ತೆ, ಅದನ್ನ ಲೆಕ್ಕ ಹಾಕದೇ ಇಂಜಿನ್ ಇಳಿಸಿ ಅಂತ ಯಾರಾದ್ರೂ ಹೇಳಿದ್ರೆ ಒಪ್ಕೋಬೇಡಿ. ತದ್ವಿರುದ್ಧವಾಗಿ, ತಣ್ಣಗಿದ್ದಾಗ ಟೆಸ್ಟ್ ಮಾಡಿ ಸೂಪರ್ ಅಂದ್ರೂ ನಂಬ್ಬೇಡಿ, ಸವೆದ ಇಂಜಿನ್ ತಣ್ಣಗಿದ್ದಾಗ ದಪ್ಪ ಆಯಿಲಿನ ಆಸರೆಯಲ್ಲಿ ಸಲೀಸಾಗಿ ಸ್ಟಾರ್ಟ್ ಆಗುತ್ತೆ, ಬಿಸಿ ಆದ್ಮೇಲೇ ಅದರ ಬಣ್ಣ ಬಯಲಾಗೋದು. ಕಾರ್ ಕೊಳ್ಳೋಕೆ ಹೋದ್ರೆ ಅರ್ಧ ಗಂಟೆ ಚೆನ್ನಾಗಿ ಓಡಿಸಿ, ಹೋಟ್ಲಲ್ಲಿ ಒಂದು ಕಾಫಿ ಕುಡಿಯೋಷ್ಟು ಹೊತ್ತು ಆಫ್ ಮಾಡಿಟ್ಟು, ಮತ್ತೆ ಕೀ ತಿರುಗಿಸಿ. ಎಳೆದೂ ಎಳೆದೂ ಹತ್ತಿಕೊಳ್ತು ಅಂದ್ರೆ ಎರಡು ರೋಟರಿನ ಆರು ಕೋಣೆಯ ಆರು ನಂಬರು, ಆರ್‌ಪಿಎಂ ಸಮೇತ, ಕಾಗದದ ಮೇಲೆ ಕೊಡಿ ಅಂತ ಕೇಳಿ. ಕೊಡಲ್ಲ ಅಂದ್ರೆ ಇಂಜಿನ್ ರಿಪೇರಿ ಖರ್ಚು ಪೂರ್ತಿ ಕಳೆದೇ ರೇಟ್ ಮಾತಾಡಿ.