ಎರರ್ ತೋರಿಸಿದ ಸಾಲಿನಲ್ಲಿ ತಪ್ಪೇ ಕಾಣುತ್ತಿಲ್ಲ, ಎಲ್ಲಿ ಹುಡುಕಲಿ?

ಪ್ರಶ್ನೆ: ಟೈಪ್ ಮಾಡಿದ ಪಠ್ಯವನ್ನು ಸಂಗೀತದ ಪುಟವಾಗಿ ಮುದ್ರಿಸಿಕೊಡುವ ಲಿಲಿಪಾಂಡ್ ಪ್ರೋಗ್ರಾಂನಲ್ಲಿ ಸ್ಟಾಫ್ ನೊಟೇಶನ್ (ಐದು ಗೆರೆಗಳ ಪಾಶ್ಚಾತ್ಯ ಸ್ವರಲಿಪಿ) ಟೈಪ್ ಮಾಡುವುದನ್ನು ಈಚೆಗೆ ಕಲಿಯುತ್ತಿದ್ದೇನೆ. ಹತ್ತು ಹನ್ನೆರಡು ಬಾರ್‌ವರೆಗೆ ಎಲ್ಲ ಸರಿಯಾಗಿರುತ್ತದೆ. ಆಮೇಲೆ ಒಂದೋ ಎರರ್ ಬಂದು ನಿಲ್ಲುತ್ತದೆ, ಇಲ್ಲವೇ ಪಿಡಿಎಫ್ ಬಂದರೂ ಅದರಲ್ಲಿ ಸ್ವರಗಳೆಲ್ಲ ಚೆಲ್ಲಾಪಿಲ್ಲಿಯಾಗಿರುತ್ತವೆ. ಎರರ್ ತೋರಿಸುವ ಸಾಲನ್ನು ಎಷ್ಟು ಸಲ ಓದಿದರೂ ಅಲ್ಲಿ ತಪ್ಪು ಕಾಣುವುದಿಲ್ಲ. ಹುಡುಕುವುದು ಹೇಗೆ?

ಉತ್ತರ: ಬಹಳ ಸಲ ಆ ಸಾಲಿನಲ್ಲಿ ತಪ್ಪು ಇರುವುದೇ ಇಲ್ಲ. ಇಲ್ಲದ್ದು ಕಾಣುವುದಾದರೂ ಹೇಗೆ? ಲಿಲಿಪಾಂಡ್ ಹೇಳುವ ಸಾಲಿನ ಸಂಖ್ಯೆ, ಅದು ಮುಂದೆ ಓದಲಾಗದೆ ನಿಂತ ಜಾಗದ್ದು. ದಾರಿ ತಪ್ಪಿದ್ದು ಅದಕ್ಕೂ ಮೊದಲು, ಕೆಲವೊಮ್ಮೆ ಒಂದೇ ಸ್ವರದಷ್ಟು ಹಿಂದೆ, ಕೆಲವೊಮ್ಮೆ ನಲವತ್ತು ಸಾಲು ಹಿಂದೆ. ಆದ್ದರಿಂದ ಎರರ್ ಬಂದ ಜಾಗದಿಂದ ಮೇಲಕ್ಕೆ ಓದುತ್ತ ಹೋಗಿ. ಎರಡನೆಯ ಮಾತೂ ಇದೆ. ಎರರ್ ಬಂದು ನಿಲ್ಲುವ ಫೈಲ್ ಅಷ್ಟೇನೂ ಕಷ್ಟದ್ದಲ್ಲ. ಏನೂ ಹೇಳದೆ ತಪ್ಪು ಸಂಗೀತವನ್ನು ಅಂದವಾಗಿ ಮುದ್ರಿಸಿಕೊಡುವ ಫೈಲ್ ಅದಕ್ಕಿಂತ ಹೆಚ್ಚು ತೊಂದರೆ ಕೊಡುತ್ತದೆ. ಅಂಥ ಫೈಲನ್ನು ಮಾತಾಡಿಸುವ ಉಪಾಯಗಳನ್ನೇ ಇಲ್ಲಿ ಹೆಚ್ಚಾಗಿ ಹೇಳುತ್ತೇನೆ.

ಸ್ವರದ ಹೆಸರುಗಳನ್ನು ಲಿಲಿಪಾಂಡ್‌ನಲ್ಲಿ ರೋಮನ್ ಸಣ್ಣಕ್ಷರಗಳಲ್ಲಿ ಟೈಪ್ ಮಾಡಬೇಕು. ಓದಲು ಸುಲಭವಾಗಲೆಂದು ಇಲ್ಲಿ ಕನ್ನಡದಲ್ಲಿ ಸಿ, ಡಿ, ಇ ಎಂದು ಬರೆದಿದ್ದೇನೆ. ಪಕ್ಕದ ಅಂಕಿ ಅವಧಿಯನ್ನು ಹೇಳುತ್ತದೆ. 4 ಎಂದರೆ ಕ್ವಾರ್ಟರ್ ನೋಟ್, 8 ಅದರ ಅರ್ಧ, 2 ಅದರ ಎರಡರಷ್ಟು.

ಈಗ ಈ ಎರಡು ಬಾರ್ ನೋಡಿ. ಟೈಮ್ ಸಿಗ್ನೇಚರ್ 4/4, ಅಂದರೆ ಒಂದು ಬಾರ್‌ಗೆ ನಾಲ್ಕು ಕ್ವಾರ್ಟರ್ ನೋಟ್‌ನಷ್ಟು ಅವಧಿ.

ಸಿ4 ಡಿ ಇ8 ಎಫ್ ಜಿ |
ಎ ಎ ಜಿ2 |

ಕಣ್ಣಿಗೆ ಎಲ್ಲ ಸರಿಯಾಗಿಯೇ ಇದೆ. ರನ್ ಮಾಡಿದರೆ ಎರಡು ವಾರ್ನಿಂಗ್ ಬರುತ್ತವೆ. ಮೊದಲ ಸಾಲಿಗೆ ‘ಬಾರ್‌ಚೆಕ್ ಫೇಲ್ಡ್ ಅಟ್ 7/8’, ಎರಡನೆಯದಕ್ಕೆ ‘ಬಾರ್‌ಚೆಕ್ ಫೇಲ್ಡ್ ಅಟ್ 5/8’. ಆಗಿದ್ದು ಇಷ್ಟೆ: ಅವಧಿಯ ಅಂಕಿ ಹಾಕದ ಸ್ವರಕ್ಕೆ ಲಿಲಿಪಾಂಡ್ ಹಿಂದಿನ ಸ್ವರದ ಅವಧಿಯನ್ನೇ ಕೊಡುತ್ತದೆ. ಬರೆದವರ ಮನಸ್ಸಿನಲ್ಲಿ ಮೊದಲ ಬಾರ್‌ನ ಜಿ ಕ್ವಾರ್ಟರ್ ನೋಟ್ ಆಗಿತ್ತು. ಅದರ ಹಿಂದಿನ ಎಫ್ 8ರ ಅವಧಿಯದ್ದಾದ್ದರಿಂದ ಜಿ ಕೂಡ 8 ಆಯಿತು. ಬಾರ್‌ನಲ್ಲಿ ಎಂಟು ಎಂಟನೇ ಭಾಗಗಳು ತುಂಬಬೇಕಿದ್ದ ಕಡೆ ಏಳೇ ತುಂಬಿದವು, ಅದೇ ಆ 7/8. ಎರಡನೆಯ ಬಾರ್‌ನ ಎರಡು ಎ ಸ್ವರಗಳೂ ಅದೇ 8ನ್ನು ಪಡೆದುಕೊಂಡವು, ಹಾಗಾಗಿ ಅಲ್ಲಿಯೂ ಲೆಕ್ಕ ತಪ್ಪಿತು. ಮೊದಲ ಬಾರ್‌ನಲ್ಲಿ ಜಿ ಪಕ್ಕ ಒಂದು 4 ಹಾಕಿ. ಎರಡೂ ವಾರ್ನಿಂಗ್ ಒಟ್ಟಿಗೆ ಮಾಯವಾಗುತ್ತವೆ. ಎರಡನೆಯ ಸಾಲನ್ನು ಮುಟ್ಟುವುದೇ ಬೇಡ.

ಅದಕ್ಕೇ ಹೇಳುವುದು, ಎಷ್ಟೇ ವಾರ್ನಿಂಗ್ ಬರಲಿ, ಮೊದಲನೆಯದನ್ನು ಮಾತ್ರ ಓದಿ, ಅದನ್ನು ಸರಿಪಡಿಸಿ, ಮತ್ತೆ ರನ್ ಮಾಡಿ. ಮಿಕ್ಕವು ಬಹುಪಾಲು ಅದರ ಮರಿಗಳು. ಭಿನ್ನರಾಶಿಯಲ್ಲೂ ಸುಳಿವಿದೆ. 7/8, 3/4ರಂತೆ ಬಾರ್ ತುಂಬಲು ಸ್ವಲ್ಪ ಉಳಿದಿದ್ದರೆ ಸಾಮಾನ್ಯವಾಗಿ ಏನೋ ಕಡಿಮೆ ಬಿದ್ದಿದೆ. 1/8, 1/4ರಂತೆ ಚಿಕ್ಕದಿದ್ದರೆ ಏನೋ ಹೆಚ್ಚಾಗಿ ಮುಂದಿನ ಬಾರ್‌ಗೆ ಚೆಲ್ಲಿದೆ. ಮೊದಲ ಬಾರ್‌ನಲ್ಲೇ ಎಡವಟ್ಟಾಗಿದ್ದರೆ ಹಾಡು ಅರ್ಧ ಬಾರ್‌ನಿಂದ ಶುರುವಾಗುತ್ತದೆಯೇ ನೋಡಿ. ಅಂಥ ಎತ್ತುಗಡೆಯನ್ನು ‘ಪಾರ್ಶಿಯಲ್’ ಎಂಬ ಆಜ್ಞೆಯಿಂದ ಮೊದಲೇ ಹೇಳಿರಬೇಕು.

ಬಾರ್‌ಚೆಕ್ ಅಂದರೆ ಆ ನೇರ ಗೆರೆ. ಹೊಸಬರು ಅದು ಬಾರ್ ಗೆರೆ ಎಳೆಯುವ ಚಿಹ್ನೆ ಎಂದುಕೊಳ್ಳುತ್ತಾರೆ, ಆದರೆ ಲಿಲಿಪಾಂಡ್ ಬಾರ್ ಗೆರೆಗಳನ್ನು ಅವಧಿ ಎಣಿಸಿ ತಾನೇ ಎಳೆದುಕೊಳ್ಳುತ್ತದೆ. ನೀವು ಹಾಕುವ ಗೆರೆ ‘ಇಲ್ಲಿಗೆ ಬಾರ್ ಮುಗಿದಿರಬೇಕು, ಮುಗಿದಿದೆಯಾ?’ ಎಂದು ಕೇಳುವ ಪ್ರಶ್ನೆ ಅಷ್ಟೆ. ಅದನ್ನು ಹಾಕದಿದ್ದರೂ ಪಿಡಿಎಫ್ ಬರುತ್ತದೆ. ಆ ಕಾರಣಕ್ಕೇ ಬಹಳ ಜನ ಹಾಕುವುದಿಲ್ಲ, ಮತ್ತು ಆ ಕಾರಣಕ್ಕೇ ಹದಿಮೂರನೆಯ ಬಾರ್‌ನಲ್ಲಿ ಸಿಕ್ಕಿಹಾಕಿಕೊಳ್ಳುತ್ತಾರೆ. ಸಾಲಿಗೆ ಒಂದೇ ಬಾರ್ ಬರೆಯಿರಿ, ಕೊನೆಗೆ ಗೆರೆ ಹಾಕಿ. ಫೈಲ್ ಉದ್ದವಾಗುತ್ತದೆ, ಆಗಲಿ. ವಾರ್ನಿಂಗ್‌ನಲ್ಲಿ ಫೈಲಿನ ಹೆಸರಿನ ಮುಂದೆ ಬರುವ ಎರಡು ಸಂಖ್ಯೆಗಳಲ್ಲಿ ಮೊದಲನೆಯದು ಸಾಲು, ಎರಡನೆಯದು ಆ ಸಾಲಿನಲ್ಲಿ ಎಷ್ಟನೆಯ ಅಕ್ಷರ ಎಂಬುದು. ಅದರ ಕೆಳಗೆ ನಿಮ್ಮ ಸಾಲನ್ನೇ ಎರಡು ತುಂಡು ಮಾಡಿ ತೋರಿಸಿರುತ್ತದೆ. ತುಂಡಾದ ಜಾಗದ ಎಡಗಡೆ ಇರುವುದನ್ನೇ ಗಮನವಿಟ್ಟು ನೋಡಿ.

ಅವಧಿ ತಪ್ಪಿದಾಗ ಇನ್ನೊಂದು ವಿಚಿತ್ರ ಲಕ್ಷಣ ಕಾಣುತ್ತದೆ. ಸ್ವರಗಳು ಸಾಲು ಮುರಿಯದೆ ಒಂದೇ ಸಾಲಿನಲ್ಲಿ ಒತ್ತೊತ್ತಾಗಿ ನುಗ್ಗಿ, ಪುಟದ ಬಲ ಅಂಚು ದಾಟಿ ಹೋಗುತ್ತವೆ. ನೋಡಿದವರು ಮೊದಲು ಕಾಗದದ ಅಳತೆ, ಮಾರ್ಜಿನ್, ಅಕ್ಷರದ ಗಾತ್ರ ಎಲ್ಲ ಬದಲಿಸುತ್ತಾರೆ. ಪುಟಕ್ಕೂ ಇದಕ್ಕೂ ಸಂಬಂಧವೇ ಇಲ್ಲ. ಬಾರ್ ಮುಗಿಯುವ ಜಾಗದಲ್ಲಿ ಎಲ್ಲ ಸ್ವರಗಳೂ ಮುಗಿದಿದ್ದರೆ ಮಾತ್ರ ಲಿಲಿಪಾಂಡ್ ಸಾಲು ಮುರಿಯಬಲ್ಲದು. ಎಲ್ಲೋ ಒಂದು ಎಂಟನೇ ಭಾಗ ಹೆಚ್ಚುಕಡಿಮೆಯಾಗಿ ಪ್ರತಿ ಬಾರ್‌ನ ಕೊನೆಯ ಸ್ವರ ಗೆರೆ ದಾಟಿ ನಿಂತರೆ, ಮುರಿಯಲು ಅದಕ್ಕೆ ಒಂದೂ ಜಾಗ ಸಿಗುವುದಿಲ್ಲ. ಸಾಲು ಅಂಚು ದಾಟಿದ್ದು ಕಂಡ ಕೂಡಲೇ ಮಾರ್ಜಿನ್ ಬಿಟ್ಟು ಅವಧಿ ಎಣಿಸಿ.

ಇನ್ನು ಸ್ಥಾಯಿಯ ತಪ್ಪುಗಳು. ಇವಕ್ಕೆ ವಾರ್ನಿಂಗ್ ಕೂಡ ಇಲ್ಲ. ‘ರಿಲೇಟಿವ್’ ಕ್ರಮದಲ್ಲಿ ಬರೆಯುವಾಗ ಪ್ರತಿ ಸ್ವರವೂ ಹಿಂದಿನ ಸ್ವರಕ್ಕೆ ಹತ್ತಿರದ ಜಾಗದಲ್ಲಿ ಕೂರುತ್ತದೆ. ಸಿ ಆದ ಮೇಲೆ ಎಫ್ ಬರೆದರೆ ಮೇಲಿನ ಎಫ್, ಏಕೆಂದರೆ ಅದು ನಾಲ್ಕನೆಯ ಹೆಜ್ಜೆ. ಸಿ ಆದ ಮೇಲೆ ಜಿ ಬರೆದರೆ ಕೆಳಗಿನ ಜಿ, ಏಕೆಂದರೆ ಮೇಲಿನದು ಐದನೆಯ ಹೆಜ್ಜೆ, ಕೆಳಗಿನದು ನಾಲ್ಕನೆಯದು. ನಿಮಗೆ ಮೇಲಿನ ಜಿ ಬೇಕಿದ್ದರೆ ಅದರ ಪಕ್ಕ ಮೇಲುಚಿಹ್ನೆ, ಅಂದರೆ ಅಪಾಸ್ಟ್ರಫಿ ಹಾಕಬೇಕು. ಹೀಗೆ:

ಸಿ4 ಸಿ ಜಿ' ಜಿ | ಎ ಎ ಜಿ2 |

ಆ ಪುಟ್ಟ ಚಿಹ್ನೆ ಒಂದು ಬಿಟ್ಟುಹೋದರೆ ಆ ಜಿ ಮಾತ್ರ ಕೆಳಗಿಳಿಯುವುದಿಲ್ಲ, ಅದಾದ ಮೇಲಿನ ಇಡೀ ಹಾಡು ಒಂದು ಸ್ಥಾಯಿ ಕೆಳಗಿಳಿಯುತ್ತದೆ. ಇನ್ನೆರಡು ಕಡೆ ಮರೆತಿದ್ದರೆ ಮೂರು ಸ್ಥಾಯಿ ಕೆಳಗೆ, ಸ್ಟಾಫ್‌ನ ಕೆಳಗೆ ಮೆಟ್ಟಿಲು ಮೆಟ್ಟಿಲಾಗಿ ಗೆರೆಗಳು. ನಿಮ್ಮ ಪತ್ರದ ‘ಚೆಲ್ಲಾಪಿಲ್ಲಿ’ ಎಂಬ ಮಾತು ಓದಿದಾಗ ನನಗೆ ಮೊದಲು ನೆನಪಾದದ್ದು ಇದೇ. ನಡುವಿನ ಒಂದು ಬಾರ್ ಅಳಿಸಿದರೂ, ಜಾಗ ಬದಲಿಸಿದರೂ ಹೀಗೇ ಆಗಬಹುದು, ಏಕೆಂದರೆ ಮುಂದಿನ ಸ್ವರಕ್ಕೆ ‘ಹಿಂದಿನ ಸ್ವರ’ ಬೇರೆಯಾಗಿಬಿಟ್ಟಿತು. ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಆದ ಮೇಲೆ ಬರುವ ಸ್ವರ ಆ ಕಾರ್ಡ್‌ನ ಮೊದಲ ಸ್ವರವನ್ನು ಲೆಕ್ಕಕ್ಕೆ ಹಿಡಿಯುತ್ತದೆ, ಕೊನೆಯದನ್ನಲ್ಲ. ಶಾರ್ಪ್, ಫ್ಲಾಟ್‌ಗಳನ್ನು ಈ ಹತ್ತಿರ-ದೂರದ ಲೆಕ್ಕಕ್ಕೆ ಸೇರಿಸುವುದಿಲ್ಲ. ಸಿ ನಂತರ ಎಫ್ ಶಾರ್ಪ್ ಮೇಲಕ್ಕೆ ಹೋಗುತ್ತದೆ, ಜಿ ಫ್ಲಾಟ್ ಕೆಳಕ್ಕೆ ಹೋಗುತ್ತದೆ. ಪಿಯಾನೊ ಮೇಲೆ ಎರಡೂ ಒಂದೇ ಕಪ್ಪು ಕೀಯ ಎರಡು ಹೆಸರುಗಳು, ಬಂದದ್ದು ಮಾತ್ರ ಒಂದು ಸ್ಥಾಯಿಯ ಅಂತರದಲ್ಲಿ.

ಇದಕ್ಕೆ ಮದ್ದು ಸ್ಥಾಯಿ ಪರೀಕ್ಷೆ. ಹಾಡಿನ ಪ್ರತಿ ಭಾಗದ ಮೊದಲ ಸ್ವರಕ್ಕೆ ಸಮ ಚಿಹ್ನೆ ಹಾಕಿ, ಅದರ ಮುಂದೆ ಆ ಸ್ವರ ಇರಬೇಕಾದ ಸ್ಥಾಯಿಯ ಗುರುತು ಹಾಕಿ: ಸಿ='' ಹೀಗೆ. ಅಲ್ಲಿಗೆ ತಲುಪಿದಾಗ ಸ್ವರ ಬೇರೆ ಸ್ಥಾಯಿಯಲ್ಲಿದ್ದರೆ ಲಿಲಿಪಾಂಡ್ ವಾರ್ನಿಂಗ್ ಕೊಟ್ಟು, ಸ್ವರವನ್ನು ಸರಿಯಾದ ಸ್ಥಾಯಿಗೆ ತಂದು ಮುಂದುವರಿಯುತ್ತದೆ. ತಪ್ಪು ಹಬ್ಬದೆ ಒಂದೇ ಭಾಗದೊಳಗೆ ನಿಲ್ಲುತ್ತದೆ. ಉದ್ದದ ಕೃತಿ ಬರೆಯುವವರು ಇದನ್ನು ಬಳಸದಿರುವುದು ನನಗೆ ಅರ್ಥವಾಗುವುದೇ ಇಲ್ಲ. ಜಿಗಿತ ಹೆಚ್ಚಿರುವ ಸಂಗೀತವಾದರೆ ರಿಲೇಟಿವ್ ಬಿಟ್ಟು, ಹಿಂದಿನ ಸ್ವರದ ಹಂಗಿಲ್ಲದ ‘ಫಿಕ್ಸ್‌ಡ್’ ಕ್ರಮದಲ್ಲಿ ಬರೆಯುವುದೇ ನೆಮ್ಮದಿ.

ಬೇರೆ ಪದ್ಧತಿಯಿಂದ ಬಂದವರು ಎಡವುವ ಜಾಗಗಳೂ ಇವೆ. ಪಠ್ಯದಲ್ಲಿ ಸಂಗೀತ ಬರೆಯುವ ಇನ್ನೊಂದು ಜನಪ್ರಿಯ ಕ್ರಮ ಎಬಿಸಿ ನೊಟೇಶನ್, ಕ್ರಿಸ್ ವಾಲ್ಶಾ ರೂಪಿಸಿದ್ದು. ಅದರಲ್ಲಿ ಮೇಲುಗಡೆ ಕೀ ಡಿ ಮೇಜರ್ ಎಂದು ಹೇಳಿದರೆ ಆಯಿತು, ಬರೆದ ಎಫ್ ಎಲ್ಲ ತಾನಾಗಿ ಎಫ್ ಶಾರ್ಪ್. ಲಿಲಿಪಾಂಡ್ ಹಾಗಲ್ಲ. ಅಲ್ಲಿ ಕೀ ಸಿಗ್ನೇಚರ್ ಮುದ್ರಣಕ್ಕೆ ಮಾತ್ರ, ಸ್ವರವನ್ನು ಪೂರ್ತಿ ಹೆಸರಿನಿಂದಲೇ ಕರೆಯಬೇಕು. ಡಿ ಮೇಜರ್‌ನಲ್ಲಿ ಬರಿಯ ಎಫ್ ಬರೆದರೆ ಪಕ್ಕದಲ್ಲಿ ನ್ಯಾಚುರಲ್ ಚಿಹ್ನೆ ಬಂದು ಕೂರುತ್ತದೆ. ‘ಫಿಸ್’ ಎಂದೇ ಬರೆಯಬೇಕು. ಈ ‘ಇಸ್’, ‘ಎಸ್’ ಬಾಲಗಳು ಡಚ್ ಭಾಷೆಯ ರೂಢಿ. 1996ರಲ್ಲಿ ಲಿಲಿಪಾಂಡ್ ಶುರುಮಾಡಿದ ಹಾನ್-ವೆನ್ ನೀನ್‌ಹೈಸ್ ಮತ್ತು ಯಾನ್ ನ್ಯೂವನ್‌ಹೈಝನ್ ನೆದರ್ಲೆಂಡ್ಸ್‌ನವರು. ಇಂಗ್ಲಿಷ್ ಹೆಸರುಗಳೇ ಬೇಕೆಂದರೆ ಫೈಲಿನ ಮೇಲುಗಡೆ ‘ಲ್ಯಾಂಗ್ವೇಜ್’ ಆಜ್ಞೆ ಕೊಟ್ಟು ಬದಲಿಸಿಕೊಳ್ಳಬಹುದು. ಸ್ಲರ್‌ನ (ಸ್ವರಗಳನ್ನು ಕೂಡಿಸಿ ನುಡಿಸಲು ಹೇಳುವ ಕಮಾನು ಗೆರೆ) ಬ್ರಾಕೆಟ್ ಕೂಡ ಹಾಗೆಯೇ: ಎಬಿಸಿಯಲ್ಲಿ ಮೊದಲ ಸ್ವರದ ಮುಂಚೆ ತೆರೆಯುತ್ತದೆ, ಲಿಲಿಪಾಂಡ್‌ನಲ್ಲಿ ಮೊದಲ ಸ್ವರ ಆದ ಮೇಲೆ. ಕಾರ್ಡ್‌ನ ಅವಧಿಯನ್ನು ಕೋನ ಬ್ರಾಕೆಟ್ ಮುಚ್ಚಿದ ಮೇಲೆ ಬರೆಯಬೇಕು, ಒಳಗಲ್ಲ. ಎಬಿಸಿ ಬರೆಯುವವರಿಗೂ ಒಂದು ಮಾತು: ರಾಗದ ನಡುವೆ ಅಂದಕ್ಕೆಂದು ಖಾಲಿ ಸಾಲು ಬಿಡಬೇಡಿ. ಖಾಲಿ ಸಾಲು ಬಂತೆಂದರೆ ಆ ಹಾಡು ಅಲ್ಲಿಗೆ ಮುಗಿಯಿತು ಎಂದೇ ಅರ್ಥ. ಅರ್ಧ ಹಾಡು ಕಾಣೆಯಾಗಿದ್ದರೆ ಮೊದಲು ಅದನ್ನೇ ನೋಡಿ.

ಬ್ರಾಕೆಟ್ ಮತ್ತು ಉದ್ಧರಣ ಚಿಹ್ನೆಗಳ ವಿಷಯ ಬೇಗ ಹೇಳುತ್ತೇನೆ. ತೆರೆದ ಕರ್ಲಿ ಬ್ರಾಕೆಟ್ ಒಂದು ಮುಚ್ಚದಿದ್ದರೆ ಎರರ್ ಬರುವುದು ಫೈಲಿನ ಕಟ್ಟಕಡೆಯಲ್ಲಿ. ಹಾಡಿನ ಶೀರ್ಷಿಕೆಯ ಕೊನೆಯ ಉದ್ಧರಣ ಚಿಹ್ನೆ ಬಿಟ್ಟುಹೋದರೆ ಮುಂದಿನ ಚಿಹ್ನೆ ಸಿಗುವವರೆಗೆ ಇರುವ ಸ್ವರಗಳನ್ನೆಲ್ಲ ಅದು ಶೀರ್ಷಿಕೆಯೆಂದೇ ಓದುತ್ತದೆ. ಒಮ್ಮೆ ನಾಲ್ಕು ಕಂಠಗಳ ಒಂದು ಕೋರಸ್ ಬರೆಯುವಾಗ ಇಡೀ ಸಂಜೆ ಬೇಸ್ ಭಾಗದ ಸ್ವರಗಳನ್ನು ಒಂದೊಂದಾಗಿ ತಿದ್ದಿದ್ದೆ, ತಪ್ಪು ಇದ್ದದ್ದು ನಾಲ್ಕನೆಯ ಸಾಲಿನ ಶೀರ್ಷಿಕೆಯಲ್ಲಿ. ಜೋಡಿ ಬ್ರಾಕೆಟ್‌ಗೆ ಬಣ್ಣ ಹಚ್ಚಿ ತೋರಿಸುವ ಎಡಿಟರ್ ಬಳಸಿ. ಲಿಲಿಪಾಂಡ್‌ಗೆಂದೇ ಇರುವ ಫ್ರೆಸ್ಕೊಬಾಲ್ಡಿಯಲ್ಲಿ ಪಿಡಿಎಫ್‌ನ ಸ್ವರದ ಮೇಲೆ ಕ್ಲಿಕ್ ಮಾಡಿದರೆ ಪಠ್ಯದಲ್ಲಿ ಅದೇ ಸ್ವರದ ಬಳಿ ಕರ್ಸರ್ ಹೋಗಿ ನಿಲ್ಲುತ್ತದೆ. ಸ್ಥಾಯಿ ಎಲ್ಲಿ ಜಾರಿತು ಎಂದು ಹಿಡಿಯಲು ಇದಕ್ಕಿಂತ ಬೇಗದ ದಾರಿ ನಾನು ಕಂಡಿಲ್ಲ.

ಮೇಲಕ್ಕೆ ಓದಿಯೂ ತಪ್ಪು ಸಿಗದಿದ್ದರೆ ಫೈಲನ್ನು ಅರ್ಧಕ್ಕೆ ಕತ್ತರಿಸಿ. ಅಳಿಸುವುದು ಬೇಡ, ಕಾಮೆಂಟ್ ಮಾಡಿದರೆ ಸಾಕು. ಶೇಕಡಾ ಚಿಹ್ನೆಯ ಮುಂದೆ ಕರ್ಲಿ ಬ್ರಾಕೆಟ್ ತೆರೆದು, ಕೊನೆಗೆ ಶೇಕಡಾ ಚಿಹ್ನೆ ಹಾಕಿ ಅದರ ಮುಂದೆ ಕರ್ಲಿ ಬ್ರಾಕೆಟ್ ಮುಚ್ಚಿದರೆ ನಡುವಿನದನ್ನೆಲ್ಲ ಲಿಲಿಪಾಂಡ್ ಓದುವುದೇ ಇಲ್ಲ. ಕೆಳಗಿನ ಅರ್ಧ ಮುಚ್ಚಿದಾಗಲೂ ತೊಂದರೆ ಉಳಿದರೆ ಅದು ಮೇಲಿನ ಅರ್ಧದ್ದು. ಆ ಅರ್ಧವನ್ನು ಮತ್ತೆ ಅರ್ಧ ಮಾಡಿ. 64 ಬಾರ್‌ಗಳ ಕೃತಿಯಾದರೆ ಆರು ಸಲದಲ್ಲಿ ಒಂದೇ ಬಾರ್‌ಗೆ ಬಂದು ನಿಲ್ಲುತ್ತೀರಿ. ಕತ್ತರಿಸುವಾಗ ಬ್ರಾಕೆಟ್‌ಗಳ ಜೋಡಿ ಒಡೆಯದಂತೆ ನೋಡಿಕೊಳ್ಳಿ, ಇಲ್ಲದಿದ್ದರೆ ಹೊಸ ಎರರ್ ಹುಟ್ಟಿ ಹಳೆಯದು ಮರೆಯಾಗುತ್ತದೆ.

ನೀವು ಕೇಳದ ಒಂದು ಖಾಲಿ ಸ್ಟಾಫ್ ಮೇಲುಗಡೆ ಬಂದು ಕೂತಿದ್ದರೆ, ‘ನ್ಯೂ ಸ್ಟಾಫ್’ ಎಂದು ಹೇಳುವ ಮೊದಲೇ ಸ್ಟಾಫ್‌ಗೆ ಸಂಬಂಧಿಸಿದ ಏನೋ ಆಜ್ಞೆ ಕೊಟ್ಟಿದ್ದೀರಿ. ಆ ಆಜ್ಞೆಯನ್ನು ಅನ್ವಯಿಸಲು ಸ್ಟಾಫ್ ಇಲ್ಲದ್ದರಿಂದ ಅದು ಸದ್ದಿಲ್ಲದೆ ಒಂದನ್ನು ಸೃಷ್ಟಿಸಿಕೊಂಡಿತು. ಬೇರೆಯವರಿಂದ ಪಡೆದ ಹಳೆಯ ಫೈಲ್ ನಡೆಯದಿದ್ದರೆ ಅದರ ‘ವರ್ಷನ್’ ಸಾಲು ನೋಡಿ, ಜೊತೆಗೇ ಬರುವ ಕನ್ವರ್ಟ್-ಎಲ್‌ವೈ ಎಂಬ ಪ್ರೋಗ್ರಾಂ ಅದನ್ನು ಹೊಸ ಆವೃತ್ತಿಗೆ ತಕ್ಕಂತೆ ಬಹುಮಟ್ಟಿಗೆ ತಿದ್ದಿಕೊಡುತ್ತದೆ. ನಿಮ್ಮ ಫೈಲುಗಳಲ್ಲೂ ಆ ಸಾಲು ಇರಲಿ.

ಕಣ್ಣಿಗೆ ಸಿಗದ ತಪ್ಪು ಕಿವಿಗೆ ಸಿಗುತ್ತದೆ. ‘ಸ್ಕೋರ್’ ಬ್ಲಾಕಿನೊಳಗೆ ‘ಮಿಡಿ’ ಎಂಬ ಬ್ಲಾಕ್ ಹಾಕಿದರೆ ಲಿಲಿಪಾಂಡ್ ಕಂಪ್ಯೂಟರ್‌ನಲ್ಲಿ ನುಡಿಸಿ ಕೇಳಬಹುದಾದ ಮಿಡಿ ಫೈಲನ್ನೂ ಕೊಡುತ್ತದೆ. ಹಾಗೆ ಹಾಕುವಾಗ ‘ಲೇಔಟ್’ ಬ್ಲಾಕನ್ನೂ ಜೊತೆಗೆ ಹಾಕಿ. ಮಿಡಿ ಒಂದೇ ಇದ್ದರೆ ಪಿಡಿಎಫ್ ಬರುವುದು ನಿಂತುಹೋಗುತ್ತದೆ, ಅದನ್ನೇ ಇನ್ನೊಂದು ಎರರ್ ಎಂದು ತಿಳಿದು ಗಾಬರಿಯಾದವರನ್ನು ನೋಡಿದ್ದೇನೆ.

ನಿಮ್ಮ ಫೈಲ್ ನಾನು ನೋಡಿಲ್ಲ. ಆದರೆ ಹನ್ನೆರಡು ಬಾರ್ ಆದ ಮೇಲೆ ತೊಂದರೆ ಕಾಣುತ್ತದೆ ಎಂದಿರಿ, ಬಾರ್‌ಚೆಕ್ ಹಾಕುವ ಮಾತು ಎಲ್ಲೂ ಹೇಳಲಿಲ್ಲ. ಏನನ್ನೂ ತಿದ್ದುವ ಮೊದಲು ಆ ಹನ್ನೆರಡು ಬಾರ್‌ಗಳನ್ನು ಸಾಲಿಗೊಂದರಂತೆ ಬಿಡಿಸಿ ಬರೆದು, ಪ್ರತಿಯೊಂದರ ಕೊನೆಗೆ ಗೆರೆ ಹಾಕಿ ರನ್ ಮಾಡಿ. ಮೊದಲ ವಾರ್ನಿಂಗ್ ಹನ್ನೆರಡನೆಯ ಬಾರ್‌ನಲ್ಲಿ ಬರುವುದು ಅನುಮಾನ, ಐದನೆಯದರಲ್ಲೋ ಆರನೆಯದರಲ್ಲೋ ಬಂದೀತು. ಒಂದೂ ವಾರ್ನಿಂಗ್ ಬರದಿದ್ದರೆ ಅವಧಿಗಳೆಲ್ಲ ಸರಿಯಿವೆ, ಸ್ವರಗಳು ಸ್ಟಾಫ್‌ನಿಂದ ಕೆಳಗೋ ಮೇಲೋ ಜಾರಲು ಶುರುವಾದ ಮೊದಲ ಸ್ವರವನ್ನು ಪಿಡಿಎಫ್‌ನಲ್ಲಿ ಗುರುತಿಸಿ, ಅದರ ಪಕ್ಕದ ಅಪಾಸ್ಟ್ರಫಿ ಅಥವಾ ಸ್ಥಾಯಿ ಇಳಿಸುವ ಅಲ್ಪವಿರಾಮ ನೋಡಿ.